ಸೋಪಿನ ನೊರೆಯಲ್ಲಿ ಬಣ್ಣದ ಅಚ್ಚು: ಪುಟ್ಟ ಮಕ್ಕಳ ಜೊತೆ ಕೂತು ಮಾಡುವ ಬಗೆ

ಪುಟ್ಟ ಮಕ್ಕಳ ಕೈಗೆ ಸ್ಟ್ರಾ ಸಿಕ್ಕರೆ ಕುಡಿಯುವುದಕ್ಕಿಂತ ಊದುವುದೇ ಜಾಸ್ತಿ. ಲೋಟದಲ್ಲಿ ಬುಳುಬುಳು ಅನ್ನಿಸಿ, ಗುಳ್ಳೆ ಎಬ್ಬಿಸಿ, ಮೇಜಿಗೆಲ್ಲ ಚೆಲ್ಲಿ, ನಾವು ಕಣ್ಣು ಬಿಟ್ಟಷ್ಟೂ ಅವರಿಗೆ ಖುಷಿ. ಆ ಊದುವ ಆಸೆಯನ್ನೇ ಹಿಡಿದುಕೊಂಡು ಚಿತ್ರ ಮಾಡಿಸುವ ಕೆಲಸ ಇದು. ಬಟ್ಟಲಲ್ಲಿ ಬಣ್ಣ, ಸೋಪು, ನೀರು ಕಲಸಬೇಕು. ಸ್ಟ್ರಾ ಹಾಕಿ ಊದಿದರೆ ನೊರೆ ಬಟ್ಟಲಿನ ಅಂಚು ದಾಟಿ ಉಬ್ಬಿಕೊಂಡು ಮೇಲೆ ಬರುತ್ತದೆ. ಅದಕ್ಕೆ ಹಾಳೆ ಮುಟ್ಟಿಸಿ ಎತ್ತಿದರೆ ಗುಳ್ಳೆಗಳ ಗುರುತು ಹಾಳೆಯಲ್ಲಿ ಉಳಿಯುತ್ತದೆ. ಬ್ರಷ್ ಹಿಡಿಯಲು ಬರಬೇಕು ಅಂತಿಲ್ಲ, ಗೆರೆ ಎಳೆಯಲು ಬರಬೇಕು ಅಂತಲೂ ಇಲ್ಲ.

ಹೇಳುವುದು ಸುಲಭ. ಮಾಡಲು ಕೂತಾಗ ಎಷ್ಟೋ ಜನರಿಗೆ ಸಿಗುವುದು ಒಂದು ಒದ್ದೆ ಹಾಳೆ, ಅದರ ಮೇಲೊಂದು ಮಸುಕು ಕಲೆ. ಆಮೇಲೆ ಸೋಪು ಸರಿಯಿಲ್ಲ, ಬಣ್ಣ ಸರಿಯಿಲ್ಲ ಅಂತ ಎಲ್ಲದರ ಮೇಲೂ ಅನುಮಾನ. ಅದಕ್ಕೇ ಬೇಕಾದ ಸಾಮಾನಿನ ಪಟ್ಟಿಗೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಅದು ತಲೆಯಲ್ಲಿದ್ದರೆ ಅಳತೆ ಮರೆತರೂ ಕೆಲಸ ಕೆಡುವುದಿಲ್ಲ.

ಹಾಳೆಗೆ ಬರುವುದು ಗುಳ್ಳೆಯಲ್ಲ, ಗುಳ್ಳೆಯ ಅಂಚು.

ಗುಳ್ಳೆಯ ಮೈ ಅಂದರೆ ಎರಡು ಕಡೆ ಸೋಪು, ಮಧ್ಯೆ ನೀರು ಇರುವ ಒಂದು ಪೊರೆ. ಅದು ಎಷ್ಟು ತೆಳು ಅಂದರೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು, ಕೆಲವು ಸಲ ಅದಕ್ಕೂ ಕಡಿಮೆ. ಅಷ್ಟು ತೆಳುವಾದ ಪೊರೆಯಲ್ಲಿ ಬಣ್ಣ ನಿಲ್ಲಲು ಜಾಗ ಎಲ್ಲಿದೆ? ನೀರೂ ಬಣ್ಣವೂ ಪೊರೆಯಿಂದ ಜಾರಿ, ಒಂದು ಗುಳ್ಳೆ ಇನ್ನೊಂದಕ್ಕೆ ಅಂಟಿಕೊಂಡಿರುವ ಸಂದಿಗಳಲ್ಲಿ ಸೇರಿಕೊಳ್ಳುತ್ತವೆ. ನಾವು ಹಾಳೆ ಮುಟ್ಟಿಸಿದಾಗ ಹಾಳೆ ಕುಡಿಯುವುದು ಆ ಸಂದಿಯ ಬಣ್ಣವನ್ನು. ಹಾಗಾಗಿ ತುಂಬಿದ ಚುಕ್ಕೆ ಬರದೆ ಉಂಗುರ ಬರುತ್ತದೆ, ಬಲೆ ಬಲೆಯಾಗಿ ಗೆರೆ ಬರುತ್ತದೆ.

ಇದರಿಂದ ಮೂರು ವಿಷಯ ತಾನಾಗೇ ಗೊತ್ತಾಗುತ್ತವೆ. ಅಂಚಲ್ಲಿರುವ ಆ ಚೂರು ನೀರಿನಲ್ಲೇ ಗೆರೆ ಕಾಣಬೇಕಾದ್ದರಿಂದ ಬಣ್ಣ ನಾವು ಅಂದುಕೊಂಡದ್ದಕ್ಕಿಂತ ಗಾಢವಾಗಿರಬೇಕು. ಹಾಳೆ ಬೇಗ ಹೀರಿಕೊಳ್ಳುವಂಥದ್ದಾಗಿರಬೇಕು. ಹಾಳೆ ನೊರೆಯನ್ನು ಮಾತ್ರ ಮುಟ್ಟಬೇಕು, ಕೆಳಗಿನ ಬಣ್ಣದ ನೀರನ್ನಲ್ಲ. ಮುಂದೆ ಹೇಳುವುದೆಲ್ಲ ಈ ಮೂರರ ವಿಸ್ತಾರ ಅಷ್ಟೇ.

ಏನೇನು ಬೇಕು

ಬಣ್ಣಕ್ಕೆ ನೀರಿನಲ್ಲಿ ಕರಗುವ, ಬಟ್ಟೆಯಿಂದ ತೊಳೆದರೆ ಹೋಗುವ ಪೋಸ್ಟರ್ ಕಲರ್ ಅಥವಾ ಟೆಂಪೆರಾ ಒಳ್ಳೆಯದು. ಮಕ್ಕಳಿಗಾಗಿಯೇ ಮಾಡಿದ್ದು, ವಿಷವಿಲ್ಲದ್ದು ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತೆಗೆದುಕೊಳ್ಳಿ. ವಿಷವಿಲ್ಲ ಅಂದರೆ ಕುಡಿಯಬಹುದು ಅಂತಲ್ಲ, ಬಾಯಿಗೆ ಚೂರು ತಾಗಿದರೆ ಗಾಬರಿ ಬೇಡ ಅಂತ ಮಾತ್ರ. ಅಕ್ರಿಲಿಕ್ ಬೇಡ. ಅದರಲ್ಲಿ ನೊರೆ ಏಳದಂತೆ ತಡೆಯುವ ಪದಾರ್ಥ ಸೇರಿಸಿರುವುದುಂಟು, ಎಷ್ಟು ಊದಿದರೂ ಗುಳ್ಳೆ ಸೊರಗುತ್ತದೆ. ಮೇಲಾಗಿ ಒಮ್ಮೆ ಒಣಗಿದರೆ ಅಂಗಿಯಿಂದ ಹೋಗುವುದಿಲ್ಲ. ಅಡುಗೆಗೆ ಹಾಕುವ ಬಣ್ಣ ಬಳಸಬಹುದು, ಗುಳ್ಳೆ ಚೆನ್ನಾಗಿ ಬರುತ್ತದೆ, ಆದರೆ ಬೆರಳಿಗೆ ಹತ್ತಿದರೆ ಕಲೆ ಬೇಗ ಬಿಡುವುದಿಲ್ಲ.

ಸೋಪಿಗೆ ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಟ್ಟೆ ಒಗೆಯುವ ಪುಡಿ, ಬಟ್ಟೆಯ ಲಿಕ್ವಿಡ್, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಪುಡಿ ಅಥವಾ ಗುಳಿಗೆ, ಇವು ಯಾವುದೂ ಬೇಡವೇ ಬೇಡ. ಇವು ಕಣ್ಣಿಗೂ ಬಾಯಿಗೂ ತುಂಬಾ ಖಾರ, ಕೆಲವು ಸುಟ್ಟ ಗಾಯವನ್ನೇ ಮಾಡುತ್ತವೆ. ಕಣ್ಣು ಉರಿಯದ ಬೇಬಿ ಶಾಂಪೂವಿನಲ್ಲೂ ಆಗುತ್ತದೆ. ನೊರೆ ಸ್ವಲ್ಪ ಸಪ್ಪೆ, ಆದರೆ ತೀರ ಚಿಕ್ಕವರಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಬಟ್ಟಲು ಗಿಡ್ಡವಾಗಿರಲಿ. ಬಾಯಿ 8ರಿಂದ 10 ಸೆಂಟಿಮೀಟರ್ ಅಗಲ, ಎತ್ತರ 5 ಸೆಂಟಿಮೀಟರ್ ಇದ್ದರೆ ಸರಿಯಾಗುತ್ತದೆ. ಎತ್ತರದ ಲೋಟವಾದರೆ ನೊರೆ ಅಂಚಿನವರೆಗೆ ಬರುವಷ್ಟರಲ್ಲಿ ಮಗುವಿಗೆ ಉಸಿರು ಖಾಲಿ. ದೊಡ್ಡ ಬೋಗುಣಿಯಾದರೆ ನೊರೆ ಒಂದು ಮೂಲೆಯಲ್ಲಿ ಏಳುತ್ತದೆ, ಇನ್ನೊಂದು ಮೂಲೆಯಲ್ಲಿ ಇಳಿಯುತ್ತದೆ. ಬಟ್ಟಲಿನಲ್ಲಿ ಎಣ್ಣೆಯ ಜಿಡ್ಡು ಇರಬಾರದು. ಎಣ್ಣೆ ಸೋಕಿದರೆ ನೊರೆ ಕೂತುಬಿಡುತ್ತದೆ.

ಹಾಳೆಯ ವಿಷಯಕ್ಕೆ ಬಂದರೆ, ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ ಅಂದರೆ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇರುವುದು ಒದ್ದೆಯಾದ ಕೂಡಲೇ ಮುದುಡುತ್ತದೆ. ಸುಮ್ನೆ ಅಭ್ಯಾಸಕ್ಕೆ ಅದು ಸಾಕು. ಇಟ್ಟುಕೊಳ್ಳುವಂಥ ಅಚ್ಚು ಬೇಕಾದರೆ 120ರಿಂದ 200 ಜಿಎಸ್‌ಎಂ ಡ್ರಾಯಿಂಗ್ ಹಾಳೆ ತನ್ನಿ. ಮೈ ಸ್ವಲ್ಪ ತರಿತರಿಯಾಗಿರಲಿ. ಹೊಳೆಯುವ ಹಾಳೆಯಲ್ಲಿ ಬಣ್ಣ ಒಳಗಿಳಿಯದೆ ಜಾರಿ ಒಂದಾಗಿಬಿಡುತ್ತದೆ. ಇಡೀ ದೊಡ್ಡ ಹಾಳೆ ಕೊಡಬೇಡಿ. ಬಟ್ಟಲಿನ ಬಾಯಿಗಿಂತ ಎರಡೂ ಕಡೆ ಮೂರು ಬೆರಳು ಜಾಸ್ತಿ ಇರುವಂತೆ ಕತ್ತರಿಸಿ, ಹತ್ತಿಪ್ಪತ್ತು ತುಂಡು ಮೊದಲೇ ರೆಡಿ ಮಾಡಿಟ್ಟುಕೊಳ್ಳಿ. ಮಕ್ಕಳು ಒಂದು ಮಾಡಿ ನಿಲ್ಲಿಸುವವರಲ್ಲ. ಪಕ್ಕದಲ್ಲಿ ನಿಂತು ನಾವು ಕತ್ತರಿಸುತ್ತಾ ಇದ್ದರೆ ನೊರೆ ಆರಿಹೋಗುತ್ತದೆ, ಜೊತೆಗೆ ಅವರ ತಾಳ್ಮೆಯೂ.

ಇನ್ನು ಒಂದು ಅಂಚಿರುವ ಟ್ರೇ, ಹಳೇ ಟವೆಲ್, ಹಳೇ ಅಂಗಿ, ಒಂದು ಬಟ್ಟಲು ಕುಡಿಯುವ ನೀರು. ಮಗುವಿಗೊಂದರಂತೆ ಸ್ಟ್ರಾ.

ಸ್ಟ್ರಾಕ್ಕೆ ಒಂದು ತೂತು

ಈ ಇಡೀ ಆಟದಲ್ಲಿ ಹೆದರಬೇಕಾದ ಜಾಗ ಒಂದೇ. ಊದುವ ಬದಲು ಮಗು ಹೀರಿಬಿಡುವುದು. ಸ್ಟ್ರಾ ಅಂದರೆ ಹೀರುವುದು ಅಂತಲೇ ಅಭ್ಯಾಸ ಆಗಿರುತ್ತದೆ, ಖುಷಿಯಲ್ಲಿದ್ದಾಗ ಮರೆತೂ ಹೋಗುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಸ್ಟ್ರಾದಲ್ಲೇ ಇದೆ. ಬಾಯಿಗಿಡುವ ತುದಿಯಿಂದ ಸುಮಾರು 4–5 ಸೆಂಟಿಮೀಟರ್ ಕೆಳಗೆ ದಪ್ಪ ಸೂಜಿಯಿಂದ ಒಂದು ತೂತು ಮಾಡಿ, ಆಚೆ ಈಚೆ ಹಾಯುವಂತೆ. ಮಗು ಹೀರಿದರೆ ಆ ತೂತಿನಿಂದ ಗಾಳಿ ಒಳಗೆ ಬರುತ್ತದೆ, ಬಣ್ಣದ ನೀರು ಬಾಯಿಯವರೆಗೆ ಏರುವುದಿಲ್ಲ. ಊದಿದಾಗ ಸ್ವಲ್ಪ ಗಾಳಿ ಸೋರುತ್ತದೆ, ಆದರೂ ಗುಳ್ಳೆ ಬರುತ್ತದೆ. ತೂತು ಬಾಯಿಯೊಳಗೆ ಹೋಗಬಾರದು, ನೀರಿನಲ್ಲೂ ಮುಳುಗಬಾರದು, ಬೆರಳೂ ಅದನ್ನು ಮುಚ್ಚಬಾರದು. ಮಗುವಿನ ಕೈಗೆ ಕೊಡುವ ಮೊದಲು ನೀವೇ ಬರೀ ನೀರಿನಲ್ಲಿ ಹೀರಿ ನೋಡಿ. ನೀರು ಬಾಯಿಗೆ ಬಂತೋ, ತೂತು ಸಾಲದು, ಇನ್ನೂ ಕೊಂಚ ದೊಡ್ಡದು ಮಾಡಿ.

ಸ್ಟೀಲ್ ಸ್ಟ್ರಾ ಮಕ್ಕಳಿಗೆ ಬೇಡ. ಬಾಯಲ್ಲಿಟ್ಟುಕೊಂಡು ಎಡವಿದರೆ ಹಲ್ಲಿಗೂ ಅಂಗುಳಿಗೂ ಪೆಟ್ಟು. ಕಾಗದದ ಸ್ಟ್ರಾ ನಡೆಯುತ್ತದೆ, ಆದರೆ ಬೇಗ ಮೆತ್ತಗಾಗುತ್ತದೆ, ಎರಡು ಮೂರು ಜಾಸ್ತಿ ಇಟ್ಟುಕೊಳ್ಳಿ. ಒಬ್ಬರ ಸ್ಟ್ರಾ ಇನ್ನೊಬ್ಬರು ಬಾಯಿಗೆ ಹಾಕದಂತೆ ತುದಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ಮಕ್ಕಳಿಗೆ ಹೆಸರು ಓದಲು ಬರದಿದ್ದರೂ ಬಣ್ಣ ಗೊತ್ತಿರುತ್ತದೆ ಅಲ್ವಾ?

ಬಣ್ಣ ಕಲಸುವ ಮೊದಲು ಬರೀ ನೀರಿನಲ್ಲಿ ಊದಿಸಿ. "ಊದು ಪುಟ್ಟ, ಈಗ ನಿಲ್ಲಿಸು, ಸ್ಟ್ರಾ ಹೊರಗೆ ತೆಗೆ, ಈಗ ಉಸಿರು ತಗೋ" ಅಂತ ಆಟವಾಡಿಸಿ. ಉಸಿರು ಎಳೆದುಕೊಳ್ಳುವಾಗ ಸ್ಟ್ರಾ ಬಾಯಿಂದ ಹೊರಗಿರಬೇಕು ಅನ್ನುವುದು ಅವರಿಗೆ ರೂಢಿಯಾಗಬೇಕು. ಹೇಳಿದಾಗಲೆಲ್ಲ ಊದುತ್ತಾರೆ, ಹೀರುವುದಿಲ್ಲ ಅಂತ ನಿಮಗೆ ಧೈರ್ಯ ಬಂದರೆ ಬಣ್ಣಕ್ಕೆ ಹೋಗಿ. ಬರದಿದ್ದರೆ ಇವತ್ತು ಊದುವುದು ನೀವು, ಹಾಳೆ ಮುಟ್ಟಿಸುವುದು ಮಗು. ಅದರಲ್ಲೂ ಮಜಾ ಕಡಿಮೆಯಿಲ್ಲ. ಮೂರು ವರ್ಷದ ಒಳಗಿನವರ ಜೊತೆ ಹೀಗೇ ಮಾಡಿ ಅನ್ನುತ್ತೇನೆ.

ಅಪ್ಪಿತಪ್ಪಿ ಚೂರು ಬಾಯಿಗೆ ಹೋದರೆ ಬಾಯಿ ಒರೆಸಿ, ಮುಕ್ಕಳಿಸಿ ಉಗುಳಿಸಿ, ಒಂದೆರಡು ಗುಟುಕು ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ, ನೊರೆ ಶ್ವಾಸಕ್ಕೆ ಹೋಗಬಹುದು. ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಕಣ್ಣಿಗೆ ಸಿಡಿದರೆ ಉಜ್ಜಲು ಬಿಡದೆ ಶುದ್ಧ ನೀರಿನಿಂದ ಹತ್ತು ಹದಿನೈದು ನಿಮಿಷ ತೊಳೆಯಿರಿ. ಆಮೇಲೂ ಉರಿ, ಕೆಂಪು ಇದ್ದರೆ ತೋರಿಸಿ. ಇನ್ನೊಂದು, ಮಕ್ಕಳು ಒಂದೇ ಸಮ ಊದಿದರೆ ತಲೆ ಹಗುರಾಗಿ ಸುತ್ತು ಬರುತ್ತದೆ. ಒಂದು ಅಚ್ಚಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಿ. ಆಸ್ತಮಾ ಇರುವ ಮಗುವಾದರೆ ಊದುವ ಕೆಲಸ ನೀವೇ ಇಟ್ಟುಕೊಳ್ಳಿ.

ಕಲಸುವ ಅಳತೆ

ಒಂದು ಬಟ್ಟಲಿಗೆ ಎರಡು ದೊಡ್ಡ ಚಮಚ ಬಣ್ಣ, ಒಂದು ದೊಡ್ಡ ಚಮಚ ಸೋಪಿನ ಲಿಕ್ವಿಡ್, ಎರಡು ದೊಡ್ಡ ಚಮಚ ನೀರು. ಇಲ್ಲಿಂದ ಶುರು ಮಾಡಿ. ದೊಡ್ಡ ಚಮಚ ಅಂದರೆ 15 ಮಿಲಿಲೀಟರ್ ಹಿಡಿಯುವುದು. ದ್ರವ ಕನಿಷ್ಠ ಒಂದು ಸೆಂಟಿಮೀಟರ್ ಆಳ ಇರಬೇಕು, ಇಲ್ಲದಿದ್ದರೆ ಸ್ಟ್ರಾದ ಗಾಳಿ ಬುಸ್ ಅಂತ ಹೊರಗೆ ಹೋಗುತ್ತದೆ, ಗುಳ್ಳೆ ಕಟ್ಟುವುದಿಲ್ಲ. ಕಡಿಮೆ ಆದರೆ ಇದೇ ಲೆಕ್ಕದಲ್ಲಿ ಇನ್ನಷ್ಟು ಸೇರಿಸಿ.

ಮೊದಲು ಬಣ್ಣ ಮತ್ತು ನೀರು ಗಂಟಿಲ್ಲದಂತೆ ಕಲಸಿ. ಸೋಪನ್ನು ಕೊನೆಗೆ ಹಾಕಿ, ಮೆಲ್ಲಗೆ ತಿರುಗಿಸಿ. ಜೋರಾಗಿ ಕಡೆದರೆ ಈಗಲೇ ಸಣ್ಣ ಸಣ್ಣ ನೊರೆ ಎದ್ದು ಮೇಲೆ ಪದರ ಕಟ್ಟುತ್ತದೆ, ಅಚ್ಚಿನಲ್ಲಿ ಬರೀ ಪುಡಿಪುಡಿ ಗುಳ್ಳೆ ಕಾಣುತ್ತದೆ. ಬಣ್ಣದ ದಪ್ಪ ಒಂದೊಂದು ಡಬ್ಬಿಗೆ ಒಂದೊಂದು ಥರ ಇರುವುದರಿಂದ ಅಳತೆಯನ್ನು ನಂಬಿ ಕೂರಬೇಡಿ. ಚಮಚ ಎತ್ತಿ ನೋಡಿ. ದಾರವಾಗಿ ಸುರಿದರೆ ಸರಿ. ತೊಟತೊಟ ಉದುರಿದರೆ ಮಂದವಾಗಿದೆ, ನೀರು ಹಾಕಿ. ಬರೀ ನೀರಿನ ಹಾಗೆ ಹರಿದರೆ ಬಣ್ಣ ಸಾಲದು.

ಸೋಪು ಇಲ್ಲಿ ಯಾಕೆ ಬೇಕು? ಬರೀ ನೀರಿನಲ್ಲೂ ಗುಳ್ಳೆ ಏಳುತ್ತದೆ, ಆದರೆ ಎದ್ದ ಕೂಡಲೇ ಒಡೆಯುತ್ತದೆ. ನೀರಿನ ಮೈ ತನ್ನನ್ನು ತಾನು ಬಿಗಿಯಾಗಿ ಎಳೆದುಕೊಂಡಿರುತ್ತದೆ, ಅದಕ್ಕೆ ಮೇಲ್ಮೈ ಸೆಳೆತ ಅನ್ನುತ್ತಾರೆ. ಸೋಪು ಸೇರಿದರೆ ಈ ಎಳೆತ ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಪೊರೆ ಎಲ್ಲಾದರೂ ತೆಳುವಾದರೆ ಅಕ್ಕಪಕ್ಕದ ಸೋಪು, ನೀರು ಆ ಕಡೆಗೆ ಹರಿದು ಅದನ್ನು ಒಡೆಯದಂತೆ ಕಾಯುತ್ತವೆ. ನಮಗೆ ಬೇಕಾದ ಐದಾರು ಸೆಕೆಂಡು ಸಿಗುವುದು ಇದರಿಂದ.

ಸೋಪು ಜಾಸ್ತಿ ಹಾಕಿದರೆ ಗುಳ್ಳೆ ಜಾಸ್ತಿ ಅಂತ ಸುರಿಯುತ್ತಾ ಹೋಗಬೇಡಿ. ಒಂದು ಮಟ್ಟ ದಾಟಿದ ಮೇಲೆ ಲಾಭವಿಲ್ಲ. ಅಚ್ಚು ಪೇಲವವಾಗುತ್ತದೆ, ಒಣಗಿದ ಮೇಲೂ ಹಾಳೆ ಜಾರುಜಾರಾಗಿ ಅಂಟುತ್ತದೆ.

ಊದಿ, ಮುಟ್ಟಿಸಿ, ಎತ್ತಿ

ಫ್ಯಾನ್ ಆಫ್ ಮಾಡಿ. ಗಾಳಿ ಬೀಸಿದರೆ ಪೊರೆಯ ನೀರು ಆರಿ ಗುಳ್ಳೆ ಬೇಗ ಒಡೆಯುತ್ತದೆ. ಟ್ರೇಯ ಮೇಲೆ ಬಟ್ಟಲಿಡಿ. ಮಗು ನಿಂತುಕೊಂಡು ಊದುವಷ್ಟು ತಗ್ಗಿನ ಮೇಜಾದರೆ ಒಳ್ಳೆಯದು, ನೆಲದ ಮೇಲಾದರೂ ಸರಿ. ಸ್ಟ್ರಾದ ತುದಿ ಬಟ್ಟಲಿನ ತಳದ ಹತ್ತಿರ, ಸ್ವಲ್ಪ ಓರೆಯಾಗಿ ಇರಲಿ. ಒಂದೇ ಕಡೆ ಊದದೆ ಮೆಲ್ಲಗೆ ಸುತ್ತ ಆಡಿಸಿದರೆ ನೊರೆ ಎಲ್ಲಾ ಕಡೆ ಸಮನಾಗಿ ಏಳುತ್ತದೆ.

ಊದುವ ರೀತಿಯ ಮೇಲೆ ಗುಳ್ಳೆಯ ಗಾತ್ರ. ಸಣ್ಣ ಸ್ಟ್ರಾದಲ್ಲಿ ರಭಸದಿಂದ ಊದಿದರೆ ಸಣ್ಣ ಗುಳ್ಳೆ, ಅಗಲ ಸ್ಟ್ರಾದಲ್ಲಿ ನಿಧಾನವಾಗಿ ಉಸಿರು ಬಿಟ್ಟರೆ ದೊಡ್ಡದು. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಅವರೇ ಕಂಡುಹಿಡಿಯಲಿ. ನಾಲ್ಕೈದು ವರ್ಷದವರು ಸ್ವಲ್ಪ ಹೊತ್ತಿನಲ್ಲೇ "ಅಮ್ಮಾ, ಮೆಲ್ಲಗೆ ಊದಿದ್ರೆ ದೊಡ್ಡದು ಬರುತ್ತೆ" ಅಂತ ನಮಗೇ ಪಾಠ ಹೇಳಲು ಶುರು ಮಾಡುತ್ತಾರೆ.

ನೊರೆ ಅಂಚಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಉಬ್ಬಲಿ. ಸ್ಟ್ರಾ ತೆಗೆಯಿರಿ. ಈಗ ಆತುರ ಬೇಕು. ನೊರೆ ಎದ್ದ ಕ್ಷಣದಿಂದಲೇ ಅದರೊಳಗಿನ ನೀರೂ ಬಣ್ಣವೂ ಕೆಳಗೆ ಇಳಿಯುತ್ತಿರುತ್ತವೆ. ಅರ್ಧ ನಿಮಿಷ ಬಿಟ್ಟರೆ ಮೇಲಿನ ಗುಳ್ಳೆಗಳಲ್ಲಿ ಬಣ್ಣವೇ ಇರುವುದಿಲ್ಲ, ಹಾಳೆಗೆ ಒದ್ದೆ ಮಾತ್ರ. ಹಾಳೆಯನ್ನು ಎದುರು ಬದುರು ಎರಡು ಅಂಚಿನಲ್ಲಿ ಹಿಡಿದು, ನೆಟ್ಟಗೆ ಕೆಳಗೆ ಇಳಿಸಿ, ನೊರೆಗೆ ತಾಗಿಸಿ, ಅಲ್ಲೇ ಒಂದೆರಡು ಸೆಕೆಂಡು ಇಟ್ಟು, ನೆಟ್ಟಗೆ ಮೇಲೆತ್ತಬೇಕು. ಪಕ್ಕಕ್ಕೆ ಎಳೆದರೆ ಉಂಗುರಗಳೆಲ್ಲ ಬಾಲ ಬೆಳೆಸಿಕೊಳ್ಳುತ್ತವೆ. ಬಟ್ಟಲಿನ ಅಂಚಿಗೆ ತಾಗುವಷ್ಟು ಅದುಮಿದರೆ ಅಂಚಿನ ದಪ್ಪ ವೃತ್ತ ಹಾಳೆಗೆ ಹತ್ತುತ್ತದೆ, ಅದರೊಳಗೆ ಬಣ್ಣದ ಕೆರೆ ನಿಲ್ಲುತ್ತದೆ.

ಮಕ್ಕಳು ಅದುಮದೆ ಇರುವುದಿಲ್ಲ. ಹಾಳೆಯನ್ನು ಅಂಗೈಯಿಂದ ಪಟ್ ಅಂತ ಒತ್ತುವುದೇ ಅವರ ಮೊದಲ ಮನಸ್ಸು. "ಒತ್ತಬೇಡ" ಅಂದರೆ ಕೇಳಿಸುವುದಿಲ್ಲ. "ನೊರೆಗೆ ಗೊತ್ತಾಗದ ಹಾಗೆ ಹಾಳೆ ಇಡು ನೋಡೋಣ" ಅಂದರೆ ಉಸಿರು ಬಿಗಿಹಿಡಿದು, ನಾಲಿಗೆ ಚೂರು ಹೊರಗೆ ಹಾಕಿಕೊಂಡು, ಅಷ್ಟು ಹಗುರವಾಗಿ ಇಡುತ್ತಾರೆ. ನೀವು ಕೈ ಹಿಡಿದು ಮಾಡಿಸಲು ಹೋಗಬೇಡಿ. ಕೈ ಹಿಡಿದು ಮಾಡಿದ ಅಚ್ಚು ಅಂದವಾಗಿರಬಹುದು, ಆದರೆ ಅದು ನಿಮ್ಮದು, ಮಗುವಿಗೂ ಅದು ಗೊತ್ತು.

ಅದೇ ಬಟ್ಟಲಿಗೆ ಮತ್ತೆ ಊದಿ, ಮತ್ತೆ ಹಾಳೆ. ಒಂದು ಬಟ್ಟಲು ಕಲಸಿದರೆ ಒಂದು ಮಗುವಿಗೆ ಬೇಕಾದಷ್ಟು ಅಚ್ಚು ಸಿಗುತ್ತದೆ. ನಡುನಡುವೆ ಒಮ್ಮೆ ಕಲಕಿ, ಪೋಸ್ಟರ್ ಕಲರಿನ ಪುಡಿ ತಳಕ್ಕೆ ಕೂರುತ್ತದೆ.

ಸರಿಯಾಗಿ ಬರದಿದ್ದರೆ

ಅಚ್ಚು ಮಸುಕಾಗಿದ್ದರೆ ಮೊದಲ ಅನುಮಾನ ಬಣ್ಣದ ಮೇಲೆ, ಎರಡನೆಯದು ತಡದ ಮೇಲೆ. ಒಂದು ಚಮಚ ಬಣ್ಣ ಸೇರಿಸಿ, ಊದಿದ ತಕ್ಷಣ ಹಾಳೆ ಮುಟ್ಟಿಸಿ ನೋಡಿ. ನೊರೆಯೇ ಏಳದಿದ್ದರೆ ಅರ್ಧ ಚಮಚ ಸೋಪು. ಆಗಲೂ ಏಳದಿದ್ದರೆ ಬಣ್ಣ ಮಂದವಾಗಿದೆ, ಇಲ್ಲವೇ ಬಟ್ಟಲಲ್ಲಿ ಜಿಡ್ಡಿದೆ. ನೀರು ಗಡುಸಾಗಿದ್ದರೂ ನೊರೆ ಸೋಲುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿಗೆ ಅಡ್ಡ ಬರುತ್ತವೆ. ಫಿಲ್ಟರ್ ನೀರಿನಲ್ಲಿ ಕಲಸಿದರೆ ವ್ಯತ್ಯಾಸ ಗೊತ್ತಾಗಬಹುದು. ನೊರೆ ಚೆನ್ನಾಗಿ ಎದ್ದು ಹಾಳೆ ತಾಗುವ ಮೊದಲೇ ಪಟಪಟ ಒಡೆಯುತ್ತಿದ್ದರೆ ಹವೆ ಒಣಗಿದೆ ಅಂತ. ಅರ್ಧ ಟೀ ಚಮಚ ಗ್ಲಿಸರಿನ್ ಹಾಕಿ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಾಸ್ತಿ ಬೇಡ, ಅಚ್ಚು ಒಣಗಲು ತುಂಬಾ ಹೊತ್ತು ಹಿಡಿಯುತ್ತದೆ.

ಹಾಳೆಯ ನಡುವೆ ದೊಡ್ಡ ಕಲೆ, ಸುತ್ತ ಮಾತ್ರ ಗುಳ್ಳೆ ಬಂದಿದ್ದರೆ ಹಾಳೆ ಬಗ್ಗಿ ನೀರು ಮುಟ್ಟಿದೆ ಅಂತ ಅರ್ಥ. ದಪ್ಪ ಹಾಳೆ ಕೊಡಿ, ಇಲ್ಲವೇ ನೊರೆ ಇನ್ನಷ್ಟು ಎತ್ತರ ಎಬ್ಬಿಸಿ. ಆ ಕಲೆಯಾದ ಹಾಳೆ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಎರಡು ಬಣ್ಣ, ಮೂರು ಬಣ್ಣ

ಒಂದು ಬಣ್ಣದಲ್ಲಿ ಕೈ ಕುದುರಿದ ಮೇಲೆ ಇನ್ನೊಂದು ಬಟ್ಟಲು ಇಡಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಳದಿ ಉಂಗುರಗಳ ಮೇಲೆ ನೀಲಿ ಉಂಗುರ ಹಾಕಿದರೆ ಗೆರೆ ಗೆರೆ ದಾಟುವ ಕಡೆಯಲ್ಲಿ ಹಸಿರು ಹುಟ್ಟುತ್ತದೆ. ಅದನ್ನು ಮಕ್ಕಳು ಬೆರಳಿಟ್ಟು ಹುಡುಕುತ್ತಾರೆ. ಮೊದಲನೆಯದು ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಿದ ಮೇಲೆ ಎರಡನೆಯದು ಹಾಕಿ. ಹಸಿಯ ಮೇಲೆ ಹಸಿ ಹಾಕಿದರೆ ಎಲ್ಲ ಕಲಸಿಕೊಂಡು ಮಣ್ಣಿನ ಬಣ್ಣ. ಮಕ್ಕಳು ಹೇಗೂ ಕಾಯುವವರಲ್ಲ, ಹಾಗಾಗಿ ಐದಾರು ಹಾಳೆ ಹಳದಿಯಲ್ಲೇ ಮುಗಿಸಿಕೊಂಡು ಆಮೇಲೆ ನೀಲಿಗೆ ಹೋಗುವುದು ಜಾಣತನ. ಅಷ್ಟರಲ್ಲಿ ಮೊದಲ ಹಾಳೆ ಒಣಗಿರುತ್ತದೆ.

ಒಂದೇ ಬಟ್ಟಲಲ್ಲಿ ಎರಡು ಬಣ್ಣವೂ ಆಗುತ್ತದೆ. ಸೋಪು ನೀರು ಮಾತ್ರ ಊದಿ ಬಿಳಿ ನೊರೆ ಎಬ್ಬಿಸಿ, ಅದರ ಮೇಲೆ ಡ್ರಾಪರಿನಿಂದಲೋ ಚಮಚದಿಂದಲೋ ನೀರಾದ ಬಣ್ಣದ ಹನಿಗಳನ್ನು ಅಲ್ಲಲ್ಲಿ ಬಿಟ್ಟರೆ, ಬಣ್ಣ ಗುಳ್ಳೆಗಳ ಸಂದಿಯಲ್ಲಿ ಹರಿದು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಹಾಳೆಗೆ ಬರುವುದು ಅಂಚು ಅಂತ ಆಗ ಹೇಳಿದ್ದನ್ನು ಮಗುವಿಗೆ ತೋರಿಸಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇನ್ನೊಂದು ಅನುಕೂಲ, ಊದುವ ಬಟ್ಟಲಲ್ಲಿ ಬಣ್ಣವೇ ಇರುವುದಿಲ್ಲ. ಹನಿ ಬಿಟ್ಟ ಮೇಲೆ ಆ ಬಟ್ಟಲಿಗೆ ಮತ್ತೆ ಸ್ಟ್ರಾ ಹಾಕದಿದ್ದರಾಯಿತು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ, ಒಣಗಿದ ಅಚ್ಚಿನ ಮೇಲೆ ಭೂತಗನ್ನಡಿ ಹಿಡಿಯಲು ಹೇಳಿ. ಒಂಟಿ ಗುಳ್ಳೆ ಬಿದ್ದ ಕಡೆ ದುಂಡು ಉಂಗುರ. ಗುಂಪಾಗಿ ಬಿದ್ದ ಕಡೆ ದುಂಡಿಲ್ಲ, ಐದು ಮೂಲೆ ಆರು ಮೂಲೆಯ ಮನೆಗಳು. ಎಲ್ಲಿ ನೋಡಿದರೂ ಮೂರು ಗೆರೆ ಒಂದು ಕಡೆ ಸೇರಿರುತ್ತವೆ, ನಾಲ್ಕು ಗೆರೆ ಕೂಡಿದ ಜಾಗ ಸಿಗುವುದು ಅಪರೂಪ. ಸಿಕ್ಕರೆ ಅದು ಎರಡು ಅಚ್ಚು ಒಂದರ ಮೇಲೊಂದು ಬಿದ್ದ ಕಡೆ ಇರಬಹುದು, ಹುಡುಕಿ ನೋಡಲಿ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ ಸೋಪಿನ ಪೊರೆಗಳ ಈ ಕಟ್ಟಳೆಯನ್ನು 1873ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದರು: ಪೊರೆಗಳು ಮೂರು ಮೂರಾಗಿ, 120 ಡಿಗ್ರಿ ಕೋನದಲ್ಲಿ ಕೂಡುತ್ತವೆ. ಆ ಹೊತ್ತಿಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪ್ರಯೋಗ ಮಾಡಿ, ನೋಡಿ ಹೇಳುತ್ತಿದ್ದದ್ದು ಮನೆಯವರು, ಜೊತೆಗಾರರು. ಅದು ಹೀಗೇ ಆಗಬೇಕು ಅಂತ ಗಣಿತದಲ್ಲಿ ಸಾಧಿಸಿ ತೋರಿಸಲು 1976ರವರೆಗೆ ಕಾಯಬೇಕಾಯಿತು. ತೋರಿಸಿದವರು ಅಮೆರಿಕದ ಗಣಿತಜ್ಞೆ ಜೀನ್ ಟೇಲರ್. ಆರು ವರ್ಷದ ಮಗುವಿಗೆ ಇಷ್ಟೆಲ್ಲ ಬೇಡ, ಮೂರು ಗೆರೆಯ ಆಟ ಸಾಕು.

ಊದಲು ಬಾರದವರಿಗೆ

ಒಂದೂವರೆ ಎರಡು ವರ್ಷದವರಿಗೆ ಸ್ಟ್ರಾ ಕೊಡುವ ಮಾತೇ ಇಲ್ಲ. ಸಾಮಾನು ಸುತ್ತಿ ಬರುವ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್, ಅದೇ ಬಬಲ್ ರ‍್ಯಾಪ್, ಅವರಿಗೆ ಹೇಳಿ ಮಾಡಿಸಿದ್ದು. ಒಂದು ತುಂಡನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ, ಗುಳ್ಳೆ ಮೇಲೆ ಬರುವಂತೆ. ಬಣ್ಣವನ್ನು ಸ್ಪಂಜಿನಿಂದ ತೆಳುವಾಗಿ ಹಚ್ಚಿ, ಹಾಳೆ ಇಟ್ಟು ಮಗು ಅಂಗೈಯಲ್ಲಿ ತಟ್ಟಲಿ. ಇಲ್ಲಿ ಒತ್ತಿದಷ್ಟೂ ಒಳ್ಳೆಯದು, ಸೋಪು ಬೇಡ. ಗುಳ್ಳೆಯ ತಲೆಗೇ ಬಣ್ಣ ಹತ್ತುವುದರಿಂದ ಉಂಗುರದ ಬದಲು ತುಂಬಿದ ಚುಕ್ಕೆಗಳು ಬರುತ್ತವೆ. ಕಾಲಿಗೆ ಕಟ್ಟಿ ಹಾಳೆಯ ಮೇಲೆ ನಡೆಸುವುದನ್ನು ಕೆಲವರು ಹೇಳುತ್ತಾರೆ, ಜಾರಿ ಬೀಳುವ ಸಂಭವ ಜಾಸ್ತಿ, ನನಗೆ ಅದು ಇಷ್ಟವಿಲ್ಲ. ಆಟ ಮುಗಿದ ಮೇಲೆ ಆ ಪ್ಲಾಸ್ಟಿಕ್ಕನ್ನು ಮಗುವಿನ ಕೈಯಲ್ಲಿ ಬಿಡಬೇಡಿ. ಮುಖಕ್ಕೆ ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ.

ಮೂರು ವರ್ಷದ ಮೇಲಿನವರಿಗೆ ಹೊರಗಡೆ ಇನ್ನೊಂದು ಆಟ. ಉಂಗುರದ ಕಡ್ಡಿಯಿಂದ ಗುಳ್ಳೆ ಬಿಡುವ ಸೋಪು ನೀರಿಗೆ ಬಣ್ಣ ಸೇರಿಸಿ, ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಅದರ ಕಡೆಗೆ ಊದುವುದು. ಗುಳ್ಳೆ ಹಾಳೆಗೆ ಬಡಿದು ಒಡೆದು ಒಂದೊಂದೇ ಉಂಗುರ ಬೀಳುತ್ತದೆ. ಅಚ್ಚು ಕಡಿಮೆ, ಓಡಾಟ ಜಾಸ್ತಿ. ಮನೆಯೊಳಗೆ ಮಾತ್ರ ಬೇಡ, ಗೋಡೆಗೂ ಅದೇ ಉಂಗುರ ಬೀಳುತ್ತದೆ.

ಒಣಗಿಸುವುದು, ಆಮೇಲೆ

ಹಾಳೆಗಳನ್ನು ಮಲಗಿಸಿಯೇ ಒಣಗಿಸಿ. ತೂಗುಹಾಕಿದರೆ ಇನ್ನೂ ಒಡೆಯದ ಗುಳ್ಳೆಗಳ ಬಣ್ಣ ಕೆಳಗಿಳಿದು ಗೆರೆ ಎಳೆಯುತ್ತದೆ. ಹಾಳೆಯ ಮೇಲೆ ಉಳಿದ ನೊರೆಯನ್ನು ಊದಿ ಒಡೆಯಬೇಡಿ, ತಾನಾಗೇ ಒಡೆದರೆ ಗೆರೆ ನಯವಾಗಿರುತ್ತದೆ. ಒಂದೆರಡು ಗಂಟೆ ಬೇಕು, ತೇವದ ದಿನವಾದರೆ ಇನ್ನೂ ಜಾಸ್ತಿ. ಅಂಚು ಸುರುಳಿಕೊಂಡಿದ್ದರೆ ಪೂರ್ತಿ ಒಣಗಿದ ಮೇಲೆ ಭಾರದ ಪುಸ್ತಕದ ಅಡಿಯಲ್ಲಿ ಒಂದು ರಾತ್ರಿ ಇಡಿ.

ಮಾರನೇ ದಿನ ಸ್ಕೆಚ್ ಪೆನ್ ಕೊಟ್ಟು ಕೂರಿಸಿ. "ಇದರಲ್ಲಿ ಏನು ಕಾಣ್ತಾ ಇದೆ?" ಅಂತ ಕೇಳಿ ಸುಮ್ಮನಿರಿ. ಉಂಗುರಕ್ಕೆ ಎರಡು ಕಣ್ಣು ಇಟ್ಟರೆ ಅದು ಪ್ರಾಣಿ, ಕಾಲು ಇಟ್ಟರೆ ಹುಳ, ದಂಟು ಎಳೆದರೆ ಹೂವು. ಕಲೆಯಾಗಿ ಹೋದ ಆ ಹಾಳೆಗಳನ್ನು ಈಗ ತೆಗೆಯಿರಿ. ಮೀನು, ಎಲೆ, ಮೋಡ ಕತ್ತರಿಸಲು ಅವೇ ಚೆನ್ನ. ಚೆನ್ನಾಗಿ ಬಂದದ್ದನ್ನು ಅರ್ಧಕ್ಕೆ ಮಡಚಿದರೆ ಶುಭಾಶಯ ಪತ್ರ, ಪಟ್ಟಿ ಕತ್ತರಿಸಿದರೆ ಪುಸ್ತಕದ ಗುರುತು. ಹಾಳೆಯ ಹಿಂದೆ ತಾರೀಕು ಬರೆದಿಡಿ.

ಕೊನೆಗೆ ತೊಳೆಯುವುದು. ಎಲ್ಲಕ್ಕಿಂತ ಮೊದಲು ನೆಲ ಒರೆಸಿ. ಸೋಪು ನೀರು ಬಿದ್ದ ನೆಲದಲ್ಲಿ ಮಗು ಓಡಿದರೆ ಜಾರುವುದು ಖಂಡಿತ. ಬಟ್ಟೆಗೆ ಬಿದ್ದ ಬಣ್ಣವನ್ನು ಒಣಗುವ ಮೊದಲೇ ತಣ್ಣೀರಿನಲ್ಲಿ ಅದ್ದಿ. ಉಳಿದ ಬಣ್ಣದ ನೀರನ್ನು ಮುಚ್ಚಿಟ್ಟರೆ ಮಾರನೇ ದಿನ ಚೆನ್ನಾಗಿ ಕಲಕಿ ಇನ್ನೊಮ್ಮೆ ಬಳಸಬಹುದು. ಅದಕ್ಕಿಂತ ಜಾಸ್ತಿ ದಿನ ಇಡಬೇಡಿ, ಮಕ್ಕಳ ಎಂಜಲು ಸೇರಿರುತ್ತದೆ, ವಾಸನೆ ಬರುತ್ತದೆ. ಇಡುವುದಾದರೆ ಕುಡಿಯುವ ಬಾಟಲಿಯಲ್ಲಿ ಮಾತ್ರ ಹಾಕಿ ಇಡಬೇಡಿ. ಕೆಂಪು, ಕಿತ್ತಳೆ ಬಣ್ಣದ ಆ ನೀರು ನೋಡಲು ಥೇಟ್ ಶರಬತ್ತು. ಸಾಮಾನು ತುಂಬುವ ಹಳೇ ಡಬ್ಬಿಗೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ಬಣ್ಣ ಅಂತ ಬರೆದು, ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ.